ಹಿಂದಕ್ಕೆ ಓಡುವುದನ್ನು ಕಲಿಸಿದವರು

ಗೆಳೆಯರೇ, ಇಂದು ಬೆಳಿಗ್ಗೆ ಸಿಂಧನೂರು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಹಟ್ಟಿಯ ಶರಣಪ್ಪ ಸಿಕ್ಕರು. ತೊಂಬತ್ತರ ದಶಕದಲ್ಲಿ ಲಿಂಗಸುಗೂರಿನ ಒಂದು ಫುಟ್‌ಬಾಲ್ ಪಂದ್ಯದಲ್ಲಿ ಅವರು ಹಟ್ಟಿಯ ಫಾರ್ವರ್ಡ್, ನಾನು ತುರ್ವಿಹಾಳದ ಬ್ಯಾಕ್. ಅವರಿಗೆ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ.

"ನಿಮಗ ಆಟ ಎಲ್ಲಿ ಬರ್ತಿತ್ತಪ? ಬರೇ ದುಡಿಮಿ!" ಎಂದು ಎಲ್ಲರೆದುರು ನಕ್ಕರು.

"ಹಂಗಾರ ನನ್ನ ಯಾಕ ದಾಟಲಿಲ್ರಿ?" ಎಂದೆ.

"ಅದ ತಿಳೀಲಿಲ್ಲ ನೋಡು. ಯಾ ಕಡಿ ಹೊಳ್ಳಿದ್ರೂ ನನ್ನ ಕಡಿ ಮಾರಿ ಮಾಡಿ ಹಿಂದಕ್ಕ ಓಡತಿದ್ದಿ. ಯಾ ಕೋಚ್ ಕಲಿಸಿದ್ದ?"

"ನಮ್ಮವ್ವರಿ. ಆಕಿ ಜೋಡಿ ಕೆಸರಾಗ ದಿನಾ ಹಿಂದಕ್ಕ ನಡಕೋಂತ ನೆಲ್ಲು ಹಚ್ಚತಿದ್ದೆ."

ಶರಣಪ್ಪ ಚಹಾದ ಲೋಟ ಕೆಳಗಿಟ್ಟರು. "ಹಂಗಾರ ಅದೂ ಆಟಾನ ಬಿಡಪ" ಎಂದರು.

ಆ ಹೆಮ್ಮೆಯಲ್ಲಿ ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ ತೋರಿಸಲು ಹೋಗಿ ಬೆಂಚಿಗೆ ತಾಗಿ ಕುಳಿತೆ. ನಮ್ಮ ಗದ್ದೆಯಲ್ಲಿ ಬೆಂಚುಗಳಿರಲಿಲ್ಲ.