ಚುನಾವಣೆಯ ವರ್ಷ ಕೊಟ್ಟ ಕುಂಕುಮ

ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಸಂಜೆ ಹಾರ್ನ್‌ಬಿಯ ನಮ್ಮ ಮನೆಗೆ ಐದಾರು ಹೆಂಗಸರು ಬಂದುಹೋಗಿದ್ದರು. ಹೊರಗೆ ನ್ಯೂಜಿಲೆಂಡಿನ ಆಗಸ್ಟಿನ ಕೊರೆಯುವ ಚಳಿ. ಬಾಗಿಲು ತೆಗೆದಾಗಲೆಲ್ಲ ಹೀಟ್ ಪಂಪಿನ ಬಿಸಿಯೆಲ್ಲ ಬೀದಿಪಾಲು ಅಂತ ನಮ್ಮವರು ಗೊಣಗುತ್ತಿದ್ದರು. ಇನ್ನು ಯಾರೂ ಬರಲಾರರು, ಪಾತ್ರೆ ತೊಳೆಯೋಣ ಅಂತ ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಮತ್ತೆ ಬೆಲ್ ಆಯಿತು. ನೋಡಿದರೆ ಆಕೆ, ಕೈಯಲ್ಲಿ ಚುನಾವಣೆಯ ಕರಪತ್ರದ ಕಟ್ಟು.

ಆಕೆ ನಮ್ಮ ಲೈಬ್ರರಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು, ಬಂದವರಿಗೆ ಸಲಹೆ ಹೇಳುತ್ತ ಕೂರುತ್ತಿದ್ದ, ಈ ದೇಶದವಳೇ ಆದ ಹೆಂಗಸು. ಭೂಕಂಪವಾದಾಗ ನಾವಿದ್ದದ್ದು ಊರಿನ ಪೂರ್ವದ ಕಡೆ. ಮನೆಯ ನೆಲ ಎಷ್ಟು ವಾಲಿತ್ತೆಂದರೆ ಲಟ್ಟಣಿಗೆ ಇಟ್ಟರೆ ತಾನೇ ಉರುಳಿಕೊಂಡು ಹೋಗುತ್ತಿತ್ತು. ಇನ್ಷೂರೆನ್ಸಿನವರು ಫೋನಿನಲ್ಲೇ ಎಲ್ಲ ಕೇಳುತ್ತಿದ್ದರು; ನನಗೆ ಅರ್ಧದಲ್ಲಿ ಇಂಗ್ಲಿಷ್ ಕೈಕೊಡುತ್ತಿತ್ತು. ಆಗೆಲ್ಲ ಆಕೆ ಪಕ್ಕದಲ್ಲಿ ಕೂತು, ನನ್ನ ಮಾತು ಮುಗಿಯುವವರೆಗೆ ಕಾದು, ಆಮೇಲೆ ಫೋನು ತೆಗೆದುಕೊಳ್ಳುತ್ತಿದ್ದಳು. ನಡುವೆ ಕಸಿದುಕೊಂಡವಳಲ್ಲ.

ಆಕೆ ದುಡಿದದ್ದು ಒಂದೇ ಪಕ್ಷಕ್ಕೆ. ಮಳೆಯಲ್ಲಿ ನೆನೆದು ಕರಪತ್ರ ಹಂಚಿದವಳು. ಈ ಸಲ ಟಿಕೆಟ್ಟು ಆಕೆಗೇ ಅಂತ ಇಲ್ಲಿಯ ಕಾರ್ಯಕರ್ತರೆಲ್ಲ ನಂಬಿಕೊಂಡಿದ್ದರು. ಮೇಲಿನವರು ವೆಲ್ಲಿಂಗ್ಟನ್ನಿನಿಂದ ಒಬ್ಬರನ್ನು ತಂದು ನಿಲ್ಲಿಸಿದರು. ಆಕೆ ಪಕ್ಷ ಬಿಟ್ಟು ಒಬ್ಬಳೇ ನಿಂತಳು.

ಹಬ್ಬದ ದಿನ ಮನೆಗೆ ಬಂದ ಹೆಂಗಸನ್ನು ಹಾಗೇ ಕಳಿಸುವುದುಂಟೆ? ಕೂರಿಸಿ ಒಬ್ಬಟ್ಟು ಕೊಟ್ಟೆ. ಹೊರಡುವಾಗ ಕುಂಕುಮ ಇಟ್ಟು, ಬಾಳೆಹಣ್ಣು, ತೆಂಗಿನಕಾಯಿ, ಒಂದು ರವಿಕೆ ಕಣ ಕೊಟ್ಟೆ. ಈ ಬಟ್ಟೆಯನ್ನು ಏನು ಮಾಡಲಿ ಅಂತ ಕೇಳಿದಳು. ನಾವೂ ಏನೂ ಮಾಡುವುದಿಲ್ಲ, ಇನ್ನೊಬ್ಬರಿಗೆ ಕೊಡುತ್ತೇವೆ ಅಂದೆ. ಇಬ್ಬರೂ ನಕ್ಕೆವು. ಆಕೆಯ ಜೊತೆಗೆ ಪ್ರಚಾರಕ್ಕೆ ಬಂದಿದ್ದವರು ಮೊಬೈಲಿನಲ್ಲಿ ಪಟ ತೆಗೆದು, ಹಾಕಿಕೊಳ್ಳಬಹುದಾ ಅಂದರು. ಫೇಸ್‌ಬುಕ್ಕಿಗಿರಬೇಕು ಅಂದುಕೊಂಡು ಹೂಂ ಅಂದೆ.

ಎರಡನೇ ವಾರ ಆ ಪಟ ಕರಪತ್ರದ ಮೇಲೆ ಅಚ್ಚಾಗಿ ಸುತ್ತಲಿನ ಲೆಟರ್‌ಬಾಕ್ಸುಗಳಲ್ಲೆಲ್ಲ ಬಂತು. ನಾನು ಆಕೆಯ ಹಣೆಗೆ ಕುಂಕುಮ ಇಡುತ್ತಿದ್ದೇನೆ, ಆಕೆ ಕಣ್ಣು ಮುಚ್ಚಿಕೊಂಡಿದ್ದಾಳೆ. ಕೆಳಗೆ "ನನ್ನ ಜೊತೆ ನಿಂತ ನೆರೆಹೊರೆಯವರು" ಅಂತ ದಪ್ಪಕ್ಷರ.

ಆ ಶನಿವಾರ ಅಂಕಲ್ ಆಂಟಿ ಬಂದರು. ಮೈಸೂರಿನವರು, ನಮಗಿಂತ ಬಹಳ ಮೊದಲೇ ಈ ಊರಿಗೆ ಬಂದವರು. ಭೂಕಂಪವಾದ ಮೇಲೆ ನಾವು ನಾಲ್ಕು ಜನ ತಿಂಗಳುಗಟ್ಟಲೆ ಇದ್ದದ್ದು ಅವರ ಮನೆಯಲ್ಲೇ. ನನ್ನ ತವರಿನ ಪಟ್ಟದ ಗೊಂಬೆ ಚೂರಾಗಿತ್ತು. ಆ ವರ್ಷದ ನವರಾತ್ರಿಗೆ ಆಂಟಿ ತಮ್ಮ ರಾಜ-ರಾಣಿಯ ಜೋಡಿಯನ್ನೇ ತೆಗೆದು ನನ್ನ ಮಡಿಲಿಗಿಟ್ಟರು. ಮಗಳಿಗೆ ಕೊಡಬೇಕಾದ್ದು, ನನಗೋ ಇಬ್ಬರೂ ಗಂಡು, ಅಂದಿದ್ದರು. ಅವತ್ತಿನಿಂದ ಪ್ರತಿ ವರ್ಷ ನಮ್ಮ ಗೊಂಬೆಗೆ ಮೊದಲ ಕುಂಕುಮ ಆಂಟಿಗೇ.

ಅಂಕಲ್ ಆಕೆ ಬಿಟ್ಟುಬಂದ ಅದೇ ಪಕ್ಷದ ಸ್ಥಳೀಯ ಕಮಿಟಿಯಲ್ಲಿದ್ದರು. ಮುಂದಿನ ಸಲವಾದರೂ ಪಕ್ಷದ ಪಟ್ಟಿಯಲ್ಲಿ ತಮ್ಮ ಹೆಸರು ಬರಬೇಕು ಅನ್ನುವ ಆಸೆಯನ್ನು ಅವರು ಮುಚ್ಚಿಟ್ಟವರಲ್ಲ. ನನ್ನ ಕಾಲಕ್ಕೆ ಪಾರ್ಲಿಮೆಂಟಿನಲ್ಲಿ ಒಂದು ಸಲ ಕನ್ನಡದಲ್ಲಿ ನಮಸ್ಕಾರ ಹೇಳಿಬಿಡಬೇಕು ಕಣಮ್ಮ, ಅನ್ನುತ್ತಿದ್ದರು. ಇಲ್ಲಿಯ ಕನ್ನಡದವರ ವೋಟೆಲ್ಲ ನಿಮ್ಮದೇ ಅಂತ ಮೇಲಿನವರಿಗೆ ಮಾತು ಕೊಟ್ಟಿದ್ದರು.

ಆಂಟಿ ಬಂದರೆ ನೇರ ಅಡುಗೆಮನೆಗೆ ಹೋಗಿ ಒಲೆಯ ಮೇಲೇನಿದೆ ಅಂತ ಮುಚ್ಚಳ ತೆಗೆದು ನೋಡುವವರು. ಅವತ್ತು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲೇ ಕೂತರು.

ಅಂಕಲ್ ಬೈಯಲಿಲ್ಲ. ಕಾಫಿ ಕುಡಿದರು, ಡಿಕಾಕ್ಷನ್ ಚೆನ್ನಾಗಿಳಿದಿದೆ ಅಂದರು. ಆಮೇಲೆ ತಾವೇ ಯೋಚಿಸಿಕೊಂಡು ಬಂದಿದ್ದ ಪರಿಹಾರ ಹೇಳಿದರು.

"ಏನಿಲ್ಲ ಕಣಮ್ಮ, ನಮ್ಮ ಕ್ಯಾಂಡಿಡೇಟಿನ ಹೆಂಡ್ತೀನ ಕರ್ಕೊಂಡು ಬರ್ತೀನಿ. ಆಯಮ್ಮಂಗೂ ಒಂದು ಕುಂಕುಮ ಇಟ್ಬಿಡು, ಪಟ ತೆಗೀತೀವಿ. ಸರಿಹೋಯ್ತು."

ನಮ್ಮವರಿಗೆ ನಗು ತಡೆಯಲಾಗಲಿಲ್ಲ. "ಅಂಕಲ್, ರವಿಕೆ ಕಣ ಒಂದೇ ಬಣ್ಣದ್ದಿರ್ಬೇಕೋ, ಬೇರೆ ಆದ್ರೂ ನಡೆಯುತ್ತೋ?" ಅಂದರು. ಆಂಟಿ ಮಾತ್ರ ನಗಲಿಲ್ಲ.

ಯಾರು ಬಂದರೂ ಕುಂಕುಮ ಕೊಡುತ್ತೇನೆ, ಪಟ ಬೇಡ, ಅಂದೆ. ಹಾಗಾದರೆ ಕಮಿಟಿಯವರಿಗೆ ಒಂದು ಮಾತು ಹೇಳು, ಅದು ನಮ್ಮ ಪದ್ಧತಿ ಅಷ್ಟೇ, ರಾಜಕೀಯ ಅಲ್ಲ ಅಂತ, ಅಂದರು ಅಂಕಲ್. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮವರು ಕಣ್ಣಲ್ಲೇ ಹೂಂ ಅನ್ನು ಅಂದರು. ನನ್ನ ಕಣ್ಣ ಮುಂದೆ ಲೈಬ್ರರಿಯ ಆ ಮೇಜು ಬಂತು.

"ಕುಂಕುಮ ಪದ್ಧತೀನೇ ಅಂಕಲ್. ಆದ್ರೆ ವೋಟೂ ಅವರಿಗೇ ಹಾಕ್ತೀನಿ. ಬರೀ ಪದ್ಧತಿ ಅಂತ ಹೇಗೆ ಹೇಳ್ಲಿ?"

ಅಂಕಲ್ ಲೋಟವನ್ನು ಟೀಪಾಯಿಯ ಮೇಲಿಟ್ಟರು. "ನಮ್ಮನೆ ಮಗಳೇ ನಮ್ಮ ಕಡೆಗಿಲ್ಲ ಅಂತ ಅವರಿಗೆ ನಾನು ಹೇಗಮ್ಮ ಹೇಳ್ಲಿ?" ಅಂದರು. ಆಂಟಿ ಎದ್ದು ಶೂ ಹಾಕಿಕೊಂಡರು.

ಅವತ್ತು ಸಂಜೆಯೆಲ್ಲ ನಮ್ಮವರು ಮುಖ ಊದಿಸಿಕೊಂಡಿದ್ದರು. ಒಂದು ಮಾತಿಗೆ ಆ ಮನೆಯ ಋಣ ಮರೆತೆಯಲ್ಲ, ಅಂದರು. ಮರೆತಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆದರೂ ಮುಂದಿನ ವಾರ, ಬೇಲಿಯ ಮೇಲೆ ಬೋರ್ಡು ಹಾಕಬಹುದಾ ಅಂತ ಆಕೆ ಕೇಳಿದಾಗ, ಇನ್ನು ಮುಚ್ಚಿಡಲು ಏನುಳಿದಿದೆ ಅಂತ ಅವರೇ ಸುತ್ತಿಗೆ ತಂದು ಮೊಳೆ ಹೊಡೆದರು. ದಿನಾ ನಮ್ಮ ಮನೆ ಮುಂದೆ ವಾಕಿಂಗ್ ಹೋಗುತ್ತಿದ್ದ ಅಂಕಲ್ ಆಮೇಲೆ ಹಿಂದಿನ ರಸ್ತೆ ಹಿಡಿದರು.

ಕನ್ನಡದವರ ಗಣೇಶನ ಹಬ್ಬದಲ್ಲಿ ಆಂಟಿ ಪುಳಿಯೋಗರೆ ಬಡಿಸುತ್ತಿದ್ದರು. ಎಲ್ಲರಿಗೂ ಬಡಿಸಿದಷ್ಟೇ ನನಗೂ ಬಡಿಸಿ, ತಟ್ಟೆ ನೋಡಿದರೇ ಹೊರತು ಮುಖ ನೋಡಲಿಲ್ಲ. ಕಾರ್ ಪಾರ್ಕಿನಲ್ಲಿ ಇಬ್ಬರು ಹೆಂಗಸರು ಹತ್ತಿರ ಬಂದು, ನಮ್ಮದೂ ಅವಳಿಗೇ ಕಣ್ರೀ, ಅಂದರು. ಅಂದು, ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದರು.

ಮತದಾನ ನವರಾತ್ರಿಯಲ್ಲೇ ಬಂತು. ಆ ದಿನ ಇಲ್ಲಿ ಯಾರ ಬೋರ್ಡೂ ಕಾಣಬಾರದು. ಹಿಂದಿನ ಸಂಜೆ ನಮ್ಮವರು ಅದನ್ನು ಕಿತ್ತು ಗರಾಜಿಗೆ ಹಾಕಿದರು. ಬೇಲಿಯಲ್ಲಿ ಮೊಳೆಯ ತೂತು ಉಳಿಯಿತು. ಬೆಳಗ್ಗೆ ವೋಟು ಹಾಕಿ ಬಂದು, ಕಡಲೆಕಾಳು ಉಸಲಿ ಮಾಡಿ, ಗೊಂಬೆಗೆ ಆರತಿ ಎತ್ತಿದೆ. ಬಂದವರಿಗೆ ಕುಂಕುಮ ಕೊಡದೆ ತಟ್ಟೆ ಇಟ್ಟುಕೊಂಡು ಆಂಟಿಗಾಗಿ ಕಾಯುವ ಹಾಗಿರಲಿಲ್ಲ. ಆ ವರ್ಷದ ಮೊದಲ ಕುಂಕುಮ ಬೇರೆ ಯಾರಿಗೋ ಹೋಯಿತು.

ಕತ್ತಲಾಗುವ ಮುಂಚೆ ಆಂಟಿ ಬಂದರು. ಒಬ್ಬರೇ, ಬಸ್ಸಿನಲ್ಲಿ ಬಂದಿದ್ದರು. ಮಾಲ್‌ಗೆ ಹೋಗಿಬರುತ್ತೇನೆ ಅಂತ ಮನೆಯಲ್ಲಿ ಹೇಳಿದ್ದರಂತೆ. ಗೊಂಬೆಯ ಮುಂದೆ ಕೂತು ರಾಣಿಯ ಜರಿ ಸೀರೆಯ ನೆರಿಗೆ ಸರಿಮಾಡಿದರು. ಉಸಲಿ ತಿಂದು, ಉಪ್ಪು ಒಂದು ಕಣ ಮುಂದು ಅಂದರು. ಅಂಕಲ್ ಹೇಗಿದ್ದಾರೆ ಅಂತ ಕೇಳಿದೆ. ಕಮಿಟಿಯವರು ಈಗ ಕರೆಯುವುದಿಲ್ಲ, ಇಡೀ ದಿನ ಫೋನು ಮುಂದಿಟ್ಟುಕೊಂಡು ಕೂತಿರುತ್ತಾರೆ, ಅಂದರು.

ಹೊರಟಾಗ ನಾನು ಕುಂಕುಮದ ತಟ್ಟೆ ತಂದೆ. ಆಂಟಿ ನನ್ನ ಕೈ ಹಿಡಿದುಕೊಂಡರು.

"ಬೇಡ ಕಣೆ. ಇಲ್ಲಿಗೆ ಬಂದಿದ್ದೆ ಅಂತ ಅವರಿಗೆ ಗೊತ್ತಾಗುತ್ತೆ. ಮನೆ ಬಾಗಿಲಲ್ಲಿ ನಿಂತು ನಾನೇ ಹಣೆ ಒರೆಸಿಕೊಳ್ಳೋ ಹಾಗಾಗಬಾರದು."

ಬಸ್ ಸ್ಟಾಪಿನವರೆಗೆ ಬರುತ್ತೇನೆಂದರೆ ಅದೂ ಬೇಡವೆಂದರು. ಒಳಗೆ ಟಿವಿಯಲ್ಲಿ ಎಣಿಕೆ ಶುರುವಾಗಿತ್ತು. ವೆಲ್ಲಿಂಗ್ಟನ್ನಿನವರು ಮುಂದಿದ್ದಾರೆ ಅಂತ ನಮ್ಮವರು ಕೂಗಿ ಹೇಳಿದರು. ಆಂಟಿಗೆಂದು ತೆಗೆದಿಟ್ಟಿದ್ದ ಹೂವನ್ನು ರಾಣಿಗೆ ಮುಡಿಸಿ, ತಟ್ಟೆಯನ್ನು ಗೊಂಬೆಯ ಪಕ್ಕ ಇಟ್ಟೆ.