ಹೆಸರು ಹಿಡಿದು ಕರೆದ ದಿನ

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಟ್ರೋಲ್ ಸಿಗದೆ ಪುಣೆಯ ಬಸ್ಸುಗಳು ಇದ್ದಿಲು ಸುಟ್ಟ ಗ್ಯಾಸಿನಿಂದ ಕೆಮ್ಮುತ್ತ ಓಡುತ್ತಿದ್ದ ಕಾಲ. ನಾನು ಮದುವೆಯಾಗಿ ಧಾರವಾಡದಿಂದ ಬಂದು ಎರಡು ವರ್ಷವಾಗಿತ್ತು. ನಮ್ಮವರಿಗೆ ಸರಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಕಂಡದ್ದನ್ನೆಲ್ಲ ಅಳೆಯುವ ಹುಚ್ಚು ಬೇರೆ. ನನ್ನ ಅಡುಗೆಮನೆಯನ್ನೂ ಬಿಟ್ಟವರಲ್ಲ.

ಪುಣೆಯ ದಕ್ಷಿಣಕ್ಕಿರುವ ಭೋರ್ ಊರು ದಾಟಿ ಘಟ್ಟದ ನೆತ್ತಿಯಲ್ಲಿ ಹಿಂದೆ ಯಾರೋ ಕಬ್ಬಿಣದ ಅದಿರು ತೆಗೆಯುತ್ತಿದ್ದ ಹಾಳು ಗಣಿ ಇದೆಯೆಂದು ಅವರ ಕಿವಿಗೆ ಬಿತ್ತು. ದೀಪಾವಳಿ ರಜೆಯಲ್ಲಿ ಕಚೇರಿಯ ಗೆಳೆಯ ರಾಘಣ್ಣ, ಅವರ ಹೆಂಡತಿ ಸುಂದ್ರಕ್ಕ, ನಾವಿಬ್ಬರು ಹೊರಟೆವು. ಭೋರಿನಲ್ಲಿ ಪರಿಚಯದವರ ಮನೆಯಲ್ಲಿ ಮಲಗಿ, ಬೆಳಗಾಗುತ್ತಲೇ ಚಕ್ಕಡಿಯಲ್ಲಿ ಘಟ್ಟದ ಬುಡಕ್ಕೆ ಹೋಗಿ, ಅಲ್ಲಿಂದ ಏರಿದೆವು. ಮೇಲೆ ಹೋದರೆ ಕುಸಿದ ಗೋಡೆಗಳು, ಒಡೆದ ಕುಲುಮೆ, ಕಾಲಿಗೆ ಚುಚ್ಚುವ ಕಬ್ಬಿಣದ ಕಿಟ್ಟ. ಗುಡ್ಡದ ಮೈಯಲ್ಲಿ ಸುರಂಗದ ಬಾಯಿ. ಅದರೊಳಗಿಂದ ತಣ್ಣನೆಯ ಗಾಳಿ ಬರುತ್ತಿತ್ತು.

"ಒಳಗ ಹೋಗಬ್ಯಾಡ್ರಿ," ಎಂದೆ.

"ಬರೇ ಉದ್ದ ಅಳದು ಬರ್ತೇವಿ," ಎಂದು ನಮ್ಮವರು ನಕ್ಕರು. ಟೇಪು ಕಂದೀಲು ಹಿಡಿದು ಗಂಡಸರಿಬ್ಬರೂ ಒಳಗೆ ಹೋದರು.

ಸುಂದ್ರಕ್ಕ ಗಂಟು ಬಿಚ್ಚಿ ರೊಟ್ಟಿ ಎಣ್ಣೆಗಾಯಿ ಹರವಿದರು. ಎಷ್ಟು ಹೊತ್ತಾದರೂ ಗಂಡಸರ ಸುದ್ದಿಯಿಲ್ಲ. ಸುಂದ್ರಕ್ಕ ಸುರಂಗದ ಬಾಯಿಗೆ ಹೋಗಿ "ರೀ, ಊಟಕ್ಕ ಬರ್ರಿ" ಎಂದು ಎರಡು ಸಲ ಕೂಗಿ ಬಂದು ಮತ್ತೆ ಕುಳಿತರು. ನನಗೆ ಕೂರಲಾಗಲಿಲ್ಲ. ಗುಡ್ಡದ ಮೇಲೆ ಸುಮ್ಮನೆ ಅಡ್ಡಾಡುತ್ತಿದ್ದಾಗ ಒಂದು ದೊಡ್ಡ ತೂತು ಕಂಡಿತು. ಸುರಂಗದ ಚಾವಣಿ ಅಲ್ಲಿ ಕುಸಿದಿತ್ತು. ಮೊಣಕಾಲೂರಿ ಬಗ್ಗಿ ನೋಡಿದೆ.

ನನ್ನ ಕೆಳಗೇ, ಸುರಂಗದ ನೆಲದಲ್ಲಿ, ಒಂದು ಗುಂಡಿ. ಬಾಯಿಗೆ ಅರ್ಧ ಕೊಳೆತ ಹಲಗೆ, ಉಳಿದರ್ಧ ಬರೀ ಕತ್ತಲೆ. ಆಚೆ ದೂರದಲ್ಲಿ ರಾಘಣ್ಣ ಕಂದೀಲಿನ ಪಕ್ಕ ಟೇಪಿನ ತುದಿ ಒತ್ತಿ ಹಿಡಿದು ಕುಳಿತಿದ್ದರು. ನಮ್ಮವರು ಟೇಪು ಬಿಚ್ಚುತ್ತ ಅವರ ಕಡೆಗೇ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಗುಂಡಿಯತ್ತ ಬರುತ್ತಿದ್ದರು.

"ರೀ! ನಿಂದರ್ರಿ!" ಎಂದು ಚೀರಿದೆ.

ರಾಘಣ್ಣ ಥಟ್ಟನೆ ತಲೆ ಎತ್ತಿದರು. ನಮ್ಮವರು ಎತ್ತಲಿಲ್ಲ; ಸುರಂಗದ ಮಾರ್ದನಿಯಲ್ಲಿ ಅವರಿಗೆ "ರೀ" ಒಂದೇ ಕೇಳಿಸಿರಬೇಕು. "ನಿಮ್ಮ ಮನಿಯವರು ಮತ್ತ ಕರೀಲಿಕ್ಕತ್ತಾರ ನೋಡ್ರಿ. ಹೇಳ್ರಿ, ಇನ್ನೊಂದೀಟ ಉಳದದ ಅಂತ," ಎಂದು ರಾಘಣ್ಣನವರಿಗೇ ಹೇಳಿ ಇನ್ನೊಂದು ಹೆಜ್ಜೆ ಹಿಂದಿಟ್ಟರು.

ನಮ್ಮ ಕಡೆ ಯಾವ ಹೆಂಡತಿ ಕರೆದರೂ "ರೀ" ಎಂದೇ ಕರೆಯುವುದು. ಹಬ್ಬದ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಗಂಡನ ಹೆಸರು ಹೇಳುವುದು ಬೇರೆ ಮಾತು. ಬರಿದೇ ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಬಾಯಿ ತೆರೆದೆ, ನಾಲಿಗೆ ಏಳಲೊಲ್ಲದು. ಅವರ ಹಿಮ್ಮಡಿ ಹಲಗೆಯ ಹತ್ತಿರ ಬಂತು.

ಕೂಗಿಬಿಟ್ಟೆ. ಹೆಸರು ಹಿಡಿದು, ಮನೆಯ ಹುಡುಗನನ್ನು ಗದರಿಸುವ ಹಾಗೆ, "ನಿಂದ್ರು!" ಎಂದು. ಆ ಹೆಸರನ್ನು ಇಲ್ಲಿ ಬರೆಯಲು ಈಗಲೂ ಕೈ ಬರುವುದಿಲ್ಲ.

ಅವರು ಕಂಬದಂತೆ ನಿಂತರು. ಮೆಲ್ಲನೆ ತಿರುಗಿ ನೋಡಿದರು. ಕಾಲಿಗೆ ತಾಗಿದ ಕಲ್ಲೊಂದು ಉರುಳಿ ಗುಂಡಿಗೆ ಬಿತ್ತು. ಅದು ನೀರಿಗೆ ಬಿದ್ದ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು.

ಹೊರಗೆ ಬಂದವರ ಮುಖದಲ್ಲಿ ರಕ್ತವಿರಲಿಲ್ಲ. ನಾನು ನೆಲಕ್ಕೆ ಕುಸಿದು ಅಳುತ್ತಿದ್ದೆ. ಸುಂದ್ರಕ್ಕನಿಗೆ ಗುಂಡಿಯ ಕಥೆಗಿಂತ ಇನ್ನೊಂದೇ ದೊಡ್ಡದಾಗಿತ್ತು. "ಅಯ್ಯ, ಹೆಸರ ಹಿಡದ ಕರದಿ ಏನವಾ?" ಎಂದು ಗಲ್ಲಕ್ಕೆ ಕೈ ಹಚ್ಚಿದರು. ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಪುಣೆಗೆ ಮರಳಿದ ಮೇಲೆ ನಮ್ಮವರಿಗೆ ಜ್ವರ ಬಂತು. ಎಲ್ಲ ನನ್ನ ಬಾಯಿಂದಲೇ ಎಂದುಕೊಂಡು ಊಟ ನಿದ್ದೆ ಬಿಟ್ಟೆ. ಕೊನೆಗೆ ತಡೆಯಲಾರದೆ, ನಮ್ಮ ಜೊತೆಗೇ ಇದ್ದ ಅತ್ತೆಯವರ ಮುಂದೆ ಅಳುತ್ತ ಎಲ್ಲ ಹೇಳಿಕೊಂಡೆ. ಮಡಿ ಮೈಲಿಗೆಯಲ್ಲಿ ಭಾಳ ಕಟ್ಟುನಿಟ್ಟಿನ ಹೆಂಗಸು. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ.

ಅವರು ಮಗನ ಹಣೆಯ ಒದ್ದೆ ಬಟ್ಟೆ ಬದಲಿಸುತ್ತ ಕೇಳಿದರು: "ನೀ ಬಾಯಿ ಮುಚ್ಚಿಕೊಂಡು ಕೂತಿದ್ದಿ ಅಂದ್ರ, ಇವತ್ತ ಜ್ವರ ಬರ್ಲಿಕ್ಕಾದ್ರೂ ಅಂವ ಎಲ್ಲಿರ್ತಿದ್ದ?"

ಜ್ವರ ಇಳಿಯಿತು. ಆಮೇಲೆ ನಾನೆಂದೂ ಅವರನ್ನು ಹಾಗೆ ಕರೆದಿಲ್ಲ. ಆದರೆ ಅವರು ಕುರ್ಚಿಯಲ್ಲಿ ಕೂರಲೆಂದು ಒಂದು ಹೆಜ್ಜೆ ಹಿಂದೆ ಸರಿದರೂ ಸಾಕು, ಈಗಲೂ ನನ್ನ ಕಣ್ಣು ಅವರ ಹಿಮ್ಮಡಿಗೇ ಹೋಗುತ್ತದೆ. ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ನಾನದನ್ನು ನುಂಗುವುದಿಲ್ಲ, ಅವರು ಕುಳಿತುಕೊಳ್ಳುವವರೆಗೂ ಅಲ್ಲೇ ಇಟ್ಟುಕೊಂಡಿರುತ್ತೇನೆ.