ವಿಮಾನದ ಸೀಟಿಗೆ ಅತ್ತೆ ನೇಯಿಸಿದ ಬಟ್ಟೆ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಬಟ್ಟೆ ತಿಕ್ಕಿ ನೋಡಿ ನೋಡಿ ಅದು ಹುಣಸೆ ಬೀಜದಂತೆ ನುಣುಪಾಗಿತ್ತು. ಬ್ಯಾಂಕಿನ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. "ನಾ ಯಾರಂತ ಸೊಲ್ಲಾಪುರಕ್ಕೆಲ್ಲ ಗೊತ್ತದ, ಈ ಡಬ್ಬಿಗೊಂದು ಗೊತ್ತಿಲ್ಲ" ಎಂದು ನಗುತ್ತಿದ್ದರು.

ಅಕ್ಕಲಕೋಟೆಯಿಂದ ನಾನು ಸೊಸೆಯಾಗಿ ಬಂದ ದಿನ, ಮುಖಕ್ಕಿಂತ ಮೊದಲು ನನ್ನ ಸೆರಗು ನೋಡಿದರು. ಎರಡು ಬೆರಳಲ್ಲಿ ತಿಕ್ಕಿ, "ನಿಮ್ಮಪ್ಪಗ ಮೋಸ ಮಾಡ್ಯಾರವ್ವ, ಇದು ರೇಷ್ಮಿ ಅಲ್ಲ" ಎಂದರು. ನನಗೆ ಅಳು ಬಂತು. "ಸೊಸಿ ಅಸಲಿ ಅದಾಳ, ಸಾಕು" ಎಂದು ಕೈ ಹಿಡಿದು ಒಳಗೆ ಕರೆದುಕೊಂಡರು.

ಮಾವ ತೀರಿದ ಮೇಲೆ ಊರ ಹೊರಗೆ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿದ್ದ ಮಗ್ಗದ ಶೆಡ್ಡನ್ನು ನಡೆಸಿದವರು ಅವರೇ. ಅಲ್ಲಿ ನೇಯುತ್ತಿದ್ದ ಚಾದರಕ್ಕೆ ಗಿರಾಕಿ ಕಡಿಮೆಯಾದಾಗ, ಮಗ್ಗ ಮಾರಿ ಶೆಡ್ಡನ್ನು ಗೋದಾಮಿಗೆ ಬಾಡಿಗೆ ಕೊಡೋಣ ಎಂದು ನನ್ನ ಗಂಡ ಹಟ ಹಿಡಿದರು. ಅದೇ ಹೊತ್ತಿಗೆ ಪುಣೆಯಿಂದ, ಸೀಟು ಮಾಡುವ ಕಂಪನಿಯ ಇಂಜಿನಿಯರ್ ಒಬ್ಬ ಬಂದ. ಹೊರದೇಶದಲ್ಲಿ ಹೊಸ ಪ್ರಯಾಣಿಕ ವಿಮಾನವೊಂದರ ವಿನ್ಯಾಸ ನಡೆದಿತ್ತು. ನಡುವೆ ಒಂದೇ ಓಣಿ, ಆಚೆ ಈಚೆ ಮೂರು ಮೂರು ಸೀಟು. ಆ ಸೀಟುಗಳಿಗೆ ತೆಳುವಾದ, ಬೆಂಕಿ ತಾಗಿದರೂ ತಾನೇ ಆರುವ ಬಟ್ಟೆ ಬೇಕಿತ್ತು. ವಿಮಾನ ಇನ್ನೂ ಹಾಳೆಯ ಮೇಲೇ ಇತ್ತು.

"ಕೂಸು ಹುಟ್ಟೋ ಮೊದಲ ಕುಲಾಯಿ ಹೊಲಿಸಾಕ ಬಂದಾನ ನೋಡು" ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದರು. ಆದರೂ ಅವನು ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿದರು. ರೆಕ್ಕೆ, ಎಂಜಿನ್, ಸೀಟು ಎಲ್ಲವನ್ನೂ ಒಟ್ಟಿಗೇ ಯೋಚಿಸಬೇಕು, ಎಲ್ಲಿ ಚೂರು ತೂಕ ಹೆಚ್ಚಾದರೂ ವಿಮಾನ ಅದನ್ನು ಬಾಳಿನುದ್ದಕ್ಕೂ ಹೊತ್ತು ಹಾರಬೇಕು ಎಂದ.

"ಶ್ರೀಶೈಲಕ್ಕ ನಡಕೊಂಡು ಹೋಗೋರ ಗಂಟಿದ್ದಂಗ" ಎಂದರು ಅತ್ತೆ ನಮ್ಮ ಕಡೆ ತಿರುಗಿ. "ಮನಿ ಬಾಗಲದಾಗ ಹಗುರ, ಊರು ದಾಟಿದ್ರ ಭಾರ."

ಮಾದರಿ ನೇಯಿಸಿದೆವು. ಅದು ಪಾಸಾಗದಿದ್ದರೆ ಮಗ್ಗ ಮಾರುವುದು ಎಂದು ತಾಯಿ ಮಗನ ನಡುವೆ ಮಾತಾಯಿತು. ಹೊಸ ಬಟ್ಟೆಯ ಮೊದಲ ತುಂಡು ಇಳಿದಾಗ, ಹುಟ್ಟಿದ ಕೂಸಿಗೆ ಹಚ್ಚಿದಂತೆ ಅದರ ಅಂಚಿಗೆ ಎಣ್ಣೆ ಹಚ್ಚುವುದು ನಮ್ಮ ಮನೆಯ ಪದ್ಧತಿ. ಅತ್ತೆ ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಹಚ್ಚಿದರು. ಕಡುನೀಲಿ ಬಟ್ಟೆಯಲ್ಲಿ ಅದು ಕಾಣಿಸಲಿಲ್ಲ. ಇಂಜಿನಿಯರ್ ಅರ್ಧ ತುಂಡು ಒಯ್ದ.

ಕೆಲವು ದಿನಗಳ ಮೇಲೆ ಸುಟ್ಟ ಪಟ್ಟಿಯೊಂದನ್ನು ಹಿಡಿದು ಬಂದ. ಅಂಚಿನಿಂದ ಕತ್ತರಿಸಿದ ಆ ಪಟ್ಟಿಯಲ್ಲಿ ಉರಿ ಆರದೆ ಮೇಲೇರಿತ್ತು. "ನಾಪಾಸ್, ಕಾಕು" ಎಂದ; ಅತ್ತೆಯನ್ನು ಅವನು ಮರಾಠಿಯಲ್ಲಿ ಹಾಗೇ, ಚಿಕ್ಕಮ್ಮನೆಂದು, ಕರೆಯುತ್ತಿದ್ದ. ನನ್ನ ಗಂಡ ಆಗಲೇ ಮಗ್ಗ ಕೊಳ್ಳುವವನಿಗೆ ಫೋನು ಹಚ್ಚಿದ್ದರು. ಅತ್ತೆ ಪಟ್ಟಿಯನ್ನು ಮೂಗಿಗೆ ಹಿಡಿದರು.

"ಫೋನ್ ಇಡು. ಅರಿವಿ ಸುಟ್ಟಿಲ್ಲ, ನನ್ನ ಕುಸುಬಿ ಎಣ್ಣಿ ಸುಟ್ಟದ."

"ಅವ್ವಾ, ಈಗ ನೆಪ ಹೇಳಬ್ಯಾಡ."

"ನೆಪ ಅಲ್ಲೋ, ನನ್ನ ತಪ್ಪು ಹೇಳಾಕತ್ತೀನಿ. ತಪ್ಪು ಸಿಕ್ಕ ಮ್ಯಾಲ ಅಂಜೋದು ಯಾಕ? ಮಗ್ಗ ಚಾಲೂ ಮಾಡು."

ಎರಡನೆಯ ತುಂಡು ಇಳಿದಾಗ ಅತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

"ಮುಟ್ಟದ ಹೆಂಗ ಗೊತ್ತಾಗ್ತದ ಅತ್ತಿ?" ಎಂದೆ.

"ನೀ ಮುಟ್ಟು. ಇಷ್ಟು ವರ್ಷ ನಿನ್ನ ಬೆರಳಿಗೆ ಏನ್ ಕಲಿಸೀನಿ ಮತ್ತ?"

ಕೈ ತೊಳೆದು ಬಂದು ಮುಟ್ಟಿದೆ. "ಸರಿ ಅದ ಅತ್ತಿ" ಎಂದೆ. ತಾವು ಮುಟ್ಟಿ ನೋಡದೆಯೇ ಕಳಿಸಿಕೊಟ್ಟರು. ಆ ತುಂಡಿನ ಪಟ್ಟಿಗಳಿಗೆ ಹಚ್ಚಿದ ಉರಿ ತಾನೇ ಆರಿತು. ಮಗ್ಗಗಳು ಉಳಿದವು.

ವರ್ಷಗಳ ಮೇಲೆ ಆ ವಿಮಾನ ಮೊದಲ ಸಲ ನೆಲ ಬಿಟ್ಟಿದ್ದನ್ನು ಇಂಜಿನಿಯರ್ ಮೊಬೈಲಿನಲ್ಲಿ ತೋರಿಸಿದ. "ಕೂಸು ಎದ್ದಿತು ನೋಡು" ಎಂದು ಅತ್ತೆ ನನ್ನ ತೋಳು ಹಿಂಡಿದರು. ಒಮ್ಮೆ ಹತ್ತೋಣ ಎಂದು ನಾವು ಎಷ್ಟು ಕರೆದರೂ ಒಂದೇ ಮಾತು: "ಅವಸರೇನದ? ನಾ ನೇಯಿಸಿದ್ದರ ಮ್ಯಾಲ ಒಂದಿನ ಕೂಡ್ತೀನಿ ಬಿಡು."

ಹತ್ತಲಿಲ್ಲ. ಹೋದ ತಿಂಗಳು ತೀರಿಕೊಂಡರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ವಳಸಂಗದ ನಮ್ಮ ಹೊಲದಲ್ಲಿ ಕುಣಿ ತೋಡಿದಾಗ, ನನ್ನ ಗಂಡ ಮನೆಗೆ ಹೋಗಿ ಮೊದಲ ತುಂಡಿನ ಉಳಿದರ್ಧವನ್ನು ತಂದರು. ಮಗ್ಗ ಮಾರಲು ಹೊರಟಿದ್ದವರು ತಾವೇ ಕೆಳಗಿಳಿದು, ಸುಕ್ಕು ತೆಗೆದು ಹಾಸಿದರು. ನಾನು ಬಗ್ಗಿ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದೆ. ಎಣ್ಣೆಯ ಜಿಗುಟು ಇನ್ನೂ ಇತ್ತು.

ಅದರ ಮೇಲೆ ಅತ್ತೆಯನ್ನು ಕೂಡಿಸಿದೆವು.